ಮರಳು ಹಳ್ಳಕ್ಕೆ ಯಾವ ಚಕ್ರ?

"ಆ ಕೊನೇದು ಬೇಕು. ರಿಮ್ ದೊಡ್ಡದಿದ್ಯಲ್ಲ, ಅದು," ಎಂದಳು ಸಾಸಿವೆ, ಅಮ್ಮನ ಕೈ ಬಿಡದೆ.

ಶೋರೂಮಿನ ಗೋಡೆಯುದ್ದಕ್ಕೂ ಚಕ್ರಗಳನ್ನು ಸಾಲಾಗಿ ನಿಲ್ಲಿಸಿದ್ದರು, ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಎತ್ತರದಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಆದರೆ ಮೊದಲನೆಯದರ ನಡುವಿನ ಲೋಹದ ರಿಮ್ಮು ಪುಟ್ಟದು, ಸುತ್ತಲಿನ ರಬ್ಬರು ದಪ್ಪ, ಮೈತುಂಬ ಗಂಟುಗಂಟು. ಕೊನೆಯದರ ರಿಮ್ಮು ಹರಿವಾಣದಷ್ಟು ಅಗಲ, ಫಳಫಳ ಹೊಳೆಯುತ್ತಿತ್ತು. ಅದರ ರಬ್ಬರು ಮಾತ್ರ ಬಳೆ ತೊಡಿಸಿದಷ್ಟು ತೆಳ್ಳಗೆ.

ಸಾಸಿವೆಯ ಲೆಕ್ಕ ಸರಳವಾಗಿತ್ತು. ಲೋಹ ಹೆಚ್ಚಿದ್ದರೆ ಗಟ್ಟಿ. ಗಟ್ಟಿಯಾದದ್ದು ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಹುಟ್ಟಿದಾಗ ಸಾಸಿವೆ ಕಾಳಿನಷ್ಟಿದ್ದಳಂತೆ, ಮನೆಯಲ್ಲಿ ಅದೇ ಉಳಿಯಿತು. ಎಂಟನೇ ಕ್ಲಾಸಿನ ಅಣ್ಣ ಮಾತ್ರ ಅವಳನ್ನು 'ಒಂದ್ವೇಳೆ ಮೇಡಂ' ಎನ್ನುತ್ತಾನೆ. ಒಂದ್ವೇಳೆ ಬಸ್ ತಪ್ಪಿದ್ರೆ? ಒಂದ್ವೇಳೆ ಟೀಚರ್ ನನ್ನನ್ನೇ ಎಬ್ಬಿಸಿ ಕೇಳಿದ್ರೆ? ಒಂದ್ವೇಳೆ ವಾಟರ್ ಬಾಟಲ್ ಬ್ಯಾಗೊಳಗೇ ಸೋರಿದ್ರೆ? ಚಿಂತೆ ಮಾಡಲು ಅವಳಿಗೆ ಸಾಸಿವೆಯಷ್ಟು ಕಾರಣ ಸಾಕು ಎಂದು ಅಪ್ಪನೂ ನಗುತ್ತಾನೆ.

ಆದರೆ ಮರಳು ಹಳ್ಳದ ಚಿಂತೆ ಸಾಸಿವೆಯಷ್ಟು ಚಿಕ್ಕದಲ್ಲ.

ಅಮ್ಮ ಪಂಪ್ ರಿಪೇರಿ ಮಾಡುತ್ತಾಳೆ. ತೋಟದ ಬಾವಿಯಲ್ಲಿ ಮೋಟರು ಕೆಟ್ಟರೆ ಫೋನು ಬರುವುದು ಅವಳಿಗೇ. ತೋಟಗಳೆಲ್ಲ ಹಳ್ಳದ ಆಚೆ, ಹಳ್ಳಕ್ಕೆ ಸೇತುವೆಯಿಲ್ಲ. ಬಿಸಿಲಿದ್ದರೆ ಬರೀ ಮರಳು, ಮಳೆ ಬಂದರೆ ನೀರು. ಹೋದ ವರ್ಷ ಹಳೆಯ ವ್ಯಾನು ಹಳ್ಳದ ನಟ್ಟನಡುವೆ ಹೂತುಹೋಗಿತ್ತು. ಒಳಗೆ ಅಮ್ಮ, ಸಾಸಿವೆ ಇಬ್ಬರೇ. ಅಮ್ಮ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿತ್ತು. ದೂರದ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿತ್ತು. "ಏನೂ ಆಗಲ್ಲ, ಏನೂ ಆಗಲ್ಲ," ಎನ್ನುತ್ತಲೇ ಇದ್ದಳು ಅಮ್ಮ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು. ಕೊನೆಗೆ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಿತು. ಇವರು ದಡ ಹತ್ತಿ ಉಸಿರು ಬಿಡುವಷ್ಟರಲ್ಲಿ ಹಳ್ಳದ ತುಂಬ ಕೆಂಪು ನೀರು ಇಳಿದು ಬಂತು.

ಅಂದಿನಿಂದ ಸಾಸಿವೆ ಆಚೆ ದಡಕ್ಕೆ ಹೋಗಿಲ್ಲ. ಅಮ್ಮ ಹೋದ ದಿನ ಅವಳಿಗೆ ಪಾಠ ತಲೆಗೆ ಇಳಿಯುವುದಿಲ್ಲ. ಕಣ್ಣು ಕಿಟಕಿಯಾಚೆಯ ಮೋಡದ ಮೇಲೆಯೇ. ಅಮ್ಮನಿಗೆ ಭಯವೇ ಇಲ್ಲ, ಅದೇ ಸಾಸಿವೆಯ ದೊಡ್ಡ ಭಯ. ಭಯವೇ ಇಲ್ಲದವರು ಹುಷಾರಾಗಿ ಇರುವುದಾದರೂ ಹೇಗೆ?

ಈಗ ಹಳೆಯ ವ್ಯಾನು ಮೂಲೆ ಹಿಡಿದಿತ್ತು. ಅಮ್ಮ ಕರೆಂಟಿನ ಪಿಕಪ್ ಟ್ರಕ್ ಕೊಳ್ಳಲು ಹೊರಟಿದ್ದಳು. ಅದರ ಹಿಂಬದಿಯಲ್ಲೇ ಪ್ಲಗ್ ಇರುತ್ತದೆ, ಡ್ರಿಲ್ಲಿಗೂ ಕಟಿಂಗ್ ಮೆಷಿನ್ನಿಗೂ ತೋಟದವರ ಮನೆಯಿಂದ ವೈರು ಎಳೆಯಬೇಕಿಲ್ಲ. ಓಡಿಸೋಳು ನೀನು, ಆರಿಸೋಳೂ ನೀನೇ ಎಂದು ಅಪ್ಪ ಕೈತೊಳೆದುಕೊಂಡಿದ್ದ. ಬಣ್ಣ ಆರಿಸಿ ಮುಗಿದಿತ್ತು. ಉಳಿದದ್ದು ಚಕ್ರ, ಟೈರು ಮತ್ತು ಒರಟು ದಾರಿಗೆ ಬೇಕಾದ ಸಾಮಾನು. ಅದನ್ನು ಇವತ್ತೇ ಹೇಳಬೇಕಿತ್ತು, ನಾಳೆ ಆರ್ಡರ್ ಫ್ಯಾಕ್ಟರಿಗೆ ಹೋಗುತ್ತದೆ.

ಶೋರೂಮಿನ ಅಕ್ಕ ದೊಡ್ಡ ಸ್ಕ್ರೀನಿನ ಮೇಲೆ ಒಂದೊಂದೇ ಚಕ್ರವನ್ನು ಹಾಕಿ ತೋರಿಸಿದಳು. ಅವಳು ಕೆಲಸಕ್ಕೆ ಹೊಸಬಳು. ಮಾತಾಡುವಾಗ ಕೊರಳಿನ ಬ್ಯಾಡ್ಜನ್ನು ತಿರುವುತ್ತಲೇ ಇರುತ್ತಿದ್ದಳು. ಗಂಟುಗಂಟಿನ ಟೈರು ಮಣ್ಣನ್ನು ಚೆನ್ನಾಗಿ ಹಿಡಿಯುತ್ತದಂತೆ. ಆದರೆ ಚಾರ್ಜು ಹೆಚ್ಚು ತಿನ್ನುತ್ತದಂತೆ, ಒಂದು ಸಲ ಚಾರ್ಜು ಮಾಡಿದರೆ ಹೋಗುವ ದೂರ ಕಡಿಮೆಯಂತೆ. ನುಣುಪು ಟೈರಾದರೆ ಬಲು ದೂರ ಹೋಗಬಹುದಂತೆ, ಮರಳು ಕೆಸರು ಮಾತ್ರ ಅದಕ್ಕೆ ಆಗಿಬರುವುದಿಲ್ಲವಂತೆ.

ಸಾಸಿವೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇದೊಳ್ಳೆ ಕತೆ. ನುಣುಪು ಹಾಕಿದರೆ ಹಳ್ಳದಲ್ಲಿ ಹೂತುಹೋಗುತ್ತದೆ, ಗಂಟಿನದು ಹಾಕಿದರೆ ದಾರಿಯಲ್ಲೇ ಚಾರ್ಜು ಮುಗಿದು ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ.

"ಒಂದ್ವೇಳೆ ಹಳ್ಳದ ಮಧ್ಯದಲ್ಲೇ ಚಾರ್ಜ್ ಖಾಲಿ ಆದ್ರೆ?" ಎಂದಳು.

"ಶುರುವಾಯ್ತು," ಎಂದ ಅಣ್ಣ. ಅವನು ಸ್ಕ್ರೀನಿನ ಟ್ರಕ್ಕಿನ ತಲೆಯ ಮೇಲೆ ಸಾಲು ಲೈಟು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದ. "ಒಂದ್ವೇಳೆ ಮೇಡಂಗೆ ದೋಣಿ ಕೊಡಿ ಅಕ್ಕ, ನಾಲ್ಕು ಚಕ್ರ ಹಾಕಿ."

ಅಮ್ಮ ನಗಲಿಲ್ಲ. ಅವಳ ಕಣ್ಣು ಆ ಸಾಲು ಚಕ್ರಗಳ ಮೇಲೆಯೇ ಇತ್ತು. ಬರೀ ಬಾಯಿಮಾತಿನಲ್ಲಿ ಕೇಳಿದರೆ ತಿಳಿಯುವುದಿಲ್ಲ, ಮರಳಲ್ಲಿ ಓಡಿಸಿ ನೋಡಬಹುದೇ ಎಂದು ಕೇಳಿದಳು.

ಶೋರೂಮಿನ ಹಿಂದೆ ಗಾಡಿ ಪರೀಕ್ಷೆಗೆಂದೇ ಒಂದು ಅಂಗಳವಿತ್ತು. ಒಂದು ಕಡೆ ಕಲ್ಲಿನ ರಾಶಿ, ಇನ್ನೊಂದು ಕಡೆ ಆಳವಾಗಿ ಮರಳು ಸುರಿದ ಗುಂಡಿ. ಅಣ್ಣ ಕಟ್ಟೆಯ ಮೇಲೆ ಕೂತು ವಿಡಿಯೋ ಮಾಡುತ್ತೇನೆಂದ. ನೀನೂ ಬೇಕಾದರೆ ಅವನ ಜೊತೆ ಇರು ಎಂದು ಅಮ್ಮ ಸಾಸಿವೆಗೆ ಹೇಳಿದಳು. ಸಾಸಿವೆ ಗುಂಡಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಒಳಗೆ ಕೂರುವುದಕ್ಕೂ ಭಯ, ಹೊರಗೆ ನಿಂತು ನೋಡುವುದಕ್ಕೂ ಭಯ. ಹೊರಗಿನ ಭಯ ಅವಳಿಗೆ ಶಾಲೆಯ ಕಿಟಕಿಯಿಂದಲೇ ಚೆನ್ನಾಗಿ ಗೊತ್ತಿತ್ತು. ಹಿಂದಿನ ಸೀಟು ಹತ್ತಿ ಬೆಲ್ಟು ಬಿಗಿದುಕೊಂಡಳು.

ಆ ಗಾಡಿಗೆ ಹಾಕಿದ್ದು ಪುಟ್ಟ ರಿಮ್ಮಿನ ಗಂಟುಗಂಟು ಟೈರು. ಅಮ್ಮ ಓಡಿಸಿದಳು, ಪಕ್ಕದಲ್ಲಿ ಅಕ್ಕ. ವ್ಯಾನಿನ ಹಾಗೆ ಇದು ಗುರ್ರ್ ಎನ್ನಲಿಲ್ಲ. ಸದ್ದಿಲ್ಲದೆ ಮರಳಿಗೆ ಇಳಿಯಿತು, ಸದ್ದಿಲ್ಲದೆ ಒಂದಿಷ್ಟು ಮುಂದೆ ಹೋಯಿತು, ಸದ್ದಿಲ್ಲದೆ ನಿಂತಿತು.

ಅಮ್ಮ ಒತ್ತಿದಳು. ಚಕ್ರದ ಕೆಳಗಿನಿಂದ ಮರಳು ಸರಸರ ಹಾರಿದ್ದಷ್ಟೇ ಕೇಳಿಸಿತು. ಗಾಡಿಯ ಹಿಂಭಾಗ ಮೆಲ್ಲಗೆ ಕೆಳಗೆ ಕುಸಿಯಿತು.

ಸಾಸಿವೆಗೆ ಗೊತ್ತಿತ್ತು ಇದು. ಇದೇ ಅದು. ಹಳ್ಳ, ಮೋಡ, ಟ್ರ್ಯಾಕ್ಟರ್ ಇನ್ನೂ ಬರದ ದಾರಿ.

"ಏನೂ ಆಗಲ್ಲ," ಎಂದಳು ಅಮ್ಮ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ.

ಆದರೆ ಹಿಂದಿನ ಸೀಟಿನಿಂದ ಹೊರಗಿನ ಕನ್ನಡಿ ಚೆನ್ನಾಗಿ ಕಾಣುತ್ತಿತ್ತು. ಅದರೊಳಗೆ ಅಮ್ಮನ ಮುಖವಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಗಣಿತದ ಪರೀಕ್ಷೆಯ ದಿನ ಸಾಸಿವೆ ಕಚ್ಚುತ್ತಾಳಲ್ಲ, ಥೇಟ್ ಹಾಗೆ.

"ಅಮ್ಮ," ಎಂದಳು ಸಾಸಿವೆ. "ನಿಂಗೂ ಭಯ ಆಗ್ತಿದ್ಯಾ?"

ಅಮ್ಮ ಕಣ್ಣು ಬಿಟ್ಟಳು. ಕನ್ನಡಿಯಲ್ಲಿ ಇಬ್ಬರ ನೋಟ ಸೇರಿತು. ಪಕ್ಕದ ಅಕ್ಕ ಬ್ಯಾಡ್ಜ್ ತಿರುವುವುದನ್ನು ನಿಲ್ಲಿಸಿದಳು.

"ಆಗ್ತಿದೆ," ಎಂದಳು ಅಮ್ಮ.

"ಅವತ್ತೂ ಆಗಿತ್ತಾ?"

"ಅವತ್ತು ಇದಕ್ಕಿಂತ ಜಾಸ್ತಿ. ನೀನಿದ್ಯಲ್ಲ ಜೊತೆಗೆ."

ಸಾಸಿವೆ ಕನ್ನಡಿಯಲ್ಲಿ ಅಮ್ಮನನ್ನೇ ನೋಡಿದಳು. ವಿಚಿತ್ರವೆಂದರೆ, ಅವಳ ಭಯ ಸ್ವಲ್ಪ ಕಡಿಮೆಯಾಯಿತು.

ಅಷ್ಟರಲ್ಲಿ ಅಕ್ಕ ಹಣೆ ಚಚ್ಚಿಕೊಂಡಳು. "ತಪ್ಪು ನಂದು ಮೇಡಂ. ಬೆಳಿಗ್ಗೆ ಬಂದವ್ರು ಈ ಗಾಡೀನ ರಸ್ತೆ ಮೇಲೆ ಓಡಿಸ್ಬೇಕು ಅಂದ್ರು, ಫುಲ್ ಗಾಳಿ ಹೊಡೆಸಿದ್ದೆ. ಮರಳಿಗೆ ಇಳಿಸೋ ಮುಂಚೆ ಗಾಳಿ ಕಮ್ಮಿ ಮಾಡ್ಬೇಕಿತ್ತು. ಮರ್ತೇಬಿಟ್ಟೆ."

"ಗಾಳಿ ಕಮ್ಮಿ ಮಾಡಿದ್ರೆ ಇನ್ನೂ ಕೆಳಗೆ ಹೋಗಲ್ವಾ?" ಎಂದಳು ಸಾಸಿವೆ.

ಇಳಿದು ನೋಡೋಣ ಬಾ ಎಂದಳು ಅಕ್ಕ. ಮೂವರೂ ಇಳಿದರು. ಕಟ್ಟೆಯ ಮೇಲಿನಿಂದ ಅಣ್ಣ, ದೋಣಿ ಬೇಕಾ ಎಂದು ಕೂಗಿದ. ಯಾರೂ ಅವನ ಕಡೆ ತಿರುಗಲಿಲ್ಲ. ಅಕ್ಕ ಟೈರಿನ ಪುಟ್ಟ ಮುಚ್ಚಳ ಬಿಚ್ಚಿ, ಒಳಗಿನ ಕಡ್ಡಿಯನ್ನು ಹೇಗೆ ಒತ್ತಬೇಕೆಂದು ತೋರಿಸಿದಳು. ಗಾಳಿ ಅಳೆಯುವ ಮೀಟರನ್ನು ಸಾಸಿವೆಯ ಕೈಗೆ ಕೊಟ್ಟಳು. ಮುಳ್ಳು ಎಲ್ಲಿಗೆ ಬಂದಾಗ ನಿಲ್ಲಿಸಬೇಕೆಂದೂ ಹೇಳಿದಳು.

ಸಾಸಿವೆ ಮಂಡಿಯೂರಿ ಕೂತು ಒತ್ತಿದಳು. ಉಸ್ಸ್ ಎಂದು ಗಾಳಿ ಹೊರಬಂತು. ಸ್ವಲ್ಪ ಹೊತ್ತಿಗೆ ಟೈರಿನ ಹೊಟ್ಟೆ ಮೆಲ್ಲಗೆ ಮರಳಿನ ಮೇಲೆ ಹರಡಿಕೊಂಡಿತು, ಊಟ ಮುಗಿಸಿ ಕಾಲು ಚಾಚಿ ಕೂತವರ ಹಾಗೆ. ಮುಂಚೆ ಅದು ಮರಳನ್ನು ಒಂದು ಕಡೆ ಚುಚ್ಚುತ್ತಿತ್ತು. ಈಗ ಅಂಗೈ ಊರಿದ ಹಾಗೆ ಅಗಲವಾಗಿ ಕೂತಿತ್ತು.

ಅವಳಿಗೆ ಗೋಡೆಯ ಪಕ್ಕದ ಆ ಫಳಫಳ ಚಕ್ರ ನೆನಪಾಯಿತು. "ಅದ್ರಲ್ಲೂ ಹೀಗೆ ಮಾಡ್ಬಹುದಾ? ಬಳೆ ಥರ ಇದ್ಯಲ್ಲ, ಅದ್ರಲ್ಲಿ?"

"ಅದ್ರಲ್ಲಿ ರಬ್ಬರೇ ಅಷ್ಟು ಕಮ್ಮಿ. ಇಷ್ಟು ಗಾಳಿ ಬಿಟ್ರೆ ಕಲ್ಲು ಸೀದಾ ರಿಮ್ಮಿಗೇ ಹೊಡಿಯುತ್ತೆ."

ಸಾಸಿವೆ ತಲೆಯಾಡಿಸಿದಳು. ಅವಳ ಲೆಕ್ಕ ಬುಡಮೇಲಾಗಿತ್ತು. ಆದರೆ ಮುಂದಿನ ಟೈರಿನ ಕಡೆ ಆಗಲೇ ಅವಳ ಕಾಲು ಓಡುತ್ತಿತ್ತು.

ನಾಲ್ಕೂ ಟೈರಿನ ಗಾಳಿ ಇಳಿದ ಮೇಲೆ ಅಮ್ಮ ಕೂತು, ಕೋಳಿಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆಲ್ಲಗೆ ಒತ್ತಿದಳು. ಗಾಡಿ ಒಮ್ಮೆ ತೂಗಿತು, ಹಿಂದೆ ಸರಿಯಿತು, ಮತ್ತೆ ತೂಗಿ ಮುಂದಕ್ಕೆ ಹತ್ತಿತು. ದಡದ ಮೇಲೆ ಬಂದು ನಿಂತಾಗ ಅಮ್ಮನ ಅಂಗೈ ಸ್ಟಿಯರಿಂಗ್ ಮೇಲೆ ಒದ್ದೆ ಗುರುತು ಬಿಟ್ಟಿತ್ತು.

ಒಳಗೆ ಹೋಗಿ ಅಮ್ಮ ಆರಿಸತೊಡಗಿದಳು. ಪುಟ್ಟ ರಿಮ್ಮು, ದಪ್ಪ ಟೈರು. ಹೊಟ್ಟೆಯ ಕೆಳಗಿನ ಬ್ಯಾಟರಿಗೆ ಕಲ್ಲು ತಾಗದಂತೆ ಉಕ್ಕಿನ ತಗಡು. ಎಳೆಯಲು ಮುಂದೆ ಎರಡು ಕೊಕ್ಕೆ. ಅಣ್ಣನ ಸಾಲು ಲೈಟು ಮಾತ್ರ ಅವನು ಎಷ್ಟು ಗೋಗರೆದರೂ ಸ್ಕ್ರೀನಿನಿಂದ ಇಳಿಯಿತು. ಒಂದು ಚಾರ್ಜಿಗೆ ಹೋಗುವ ದೂರ ಕಡಿಮೆಯಾದರೇನು, ಹಳ್ಳದ ಈಚೆ ದಡದ ಅಂಗಡಿಯಲ್ಲಿ ಚಾರ್ಜು ಹಾಕಿಕೊಂಡೇ ಇಳಿಯುತ್ತೇನೆ ಎಂದಳು ಅಮ್ಮ.

ಸ್ಟೆಪ್ನಿ ಬೇಕಾದರೆ ಬೇರೆ ತೊಗೋಬೇಕು, ಈ ಗಾಡಿಯ ಜೊತೆ ಬರುವುದಿಲ್ಲ, ಜಾಗ ತಿನ್ನುತ್ತದೆಂದು ತುಂಬಾ ಜನ ತೊಗೊಳ್ಳುವುದಿಲ್ಲ ಎಂದಳು ಅಕ್ಕ.

ಅಮ್ಮ ಸ್ವಲ್ಪ ಯೋಚಿಸಿದಳು. "ಒಂದ್ವೇಳೆ ಆಚೆ ದಡದಲ್ಲಿ ಟೈರ್ ಹೋದ್ರೆ? ಬೇಕು. ಹಾಕಿ."

ಅಣ್ಣ ಬಾಯಿ ತೆರೆದ. ಸಾಸಿವೆಯನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"ಒಂದ್ವೇಳೆ ಗಾಳಿ ವಾಪಸ್ ತುಂಬಬೇಕಾದ್ರೆ?" ಎಂದು ಅಮ್ಮ ಮುಂದುವರಿಸಿದಳು. ಹಿಂಬದಿಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಪಂಪೂ, ಮೀಟರೂ, ಉದ್ದದ ಎಳೆಯುವ ಪಟ್ಟಿಯೂ ಸೇರಿಕೊಂಡವು. ಎಲ್ಲಾ ಸಿಕ್ಕಿಹಾಕಿಕೊಂಡ ಮೇಲೆ ಬೇಕಾಗುವ ಸಾಮಾನೇ. ಸಿಕ್ಕಿಹಾಕಿಕೊಳ್ಳುವುದೇ ಇಲ್ಲ ಎನ್ನುವ ಚಕ್ರ ಆ ಗೋಡೆಯುದ್ದಕ್ಕೂ ಒಂದೂ ಇರಲಿಲ್ಲ. ಸಾಸಿವೆ ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು.

ಗಾಡಿ ಮನೆಗೆ ಬರುವ ಹೊತ್ತಿಗೆ ಶಾಲೆಗೆ ರಜೆ ಸಿಕ್ಕಿತ್ತು. ಆಚೆ ದಡದಿಂದ ಮೊದಲ ಫೋನು ಬಂದ ದಿನ ಸಾಸಿವೆ ಯಾರೂ ಕರೆಯದೆಯೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಹಳ್ಳದ ಅಂಚಿನಲ್ಲಿ ಅಮ್ಮ ಗಾಡಿ ನಿಲ್ಲಿಸಿದಳು. ಮರಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಬೆಟ್ಟದ ಮೇಲೆ ಒಂದೇ ಒಂದು ಮೋಡ. ಸಾಸಿವೆ ಇಳಿದು ನಾಲ್ಕೂ ಟೈರಿನ ಗಾಳಿ ಇಳಿಸಿದಳು. ಮೀಟರನ್ನು ಅಮ್ಮನಿಗೆ ತೋರಿಸಿ, ಹತ್ತಿ ಕೂತು ಬೆಲ್ಟು ಹಾಕಿಕೊಂಡಳು.

ಏನೂ ಆಗಲ್ಲ ಎಂದು ಅಮ್ಮ ಹೇಳುತ್ತಾಳೇನೋ ಎಂದು ಕಾದಳು. ಅಮ್ಮ ಹೇಳಲಿಲ್ಲ.

"ಭಯ ಆಗ್ತಿದ್ಯಾ?" ಎಂದು ಕೇಳಿದಳು, ಕಿಟಕಿಯ ಕಡೆ ತಿರುಗದೆ.

"ಸ್ವಲ್ಪ. ನಿಂಗೆ?"

"ನಂಗೂ ಸ್ವಲ್ಪ."

"ಹಾಗಾದ್ರೆ ನಿಧಾನಕ್ಕೆ ಹೋಗು," ಎಂದಳು ಸಾಸಿವೆ.

ಅಮ್ಮ ನಿಧಾನಕ್ಕೇ ಹೋದಳು.