ಅಜ್ಜಿಯ ರೇಡಿಯೇಟರ್ ಕೀಲಿ

"ಟೀ ಕೊಡದೆ ಕೆಲಸ ಶುರು ಮಾಡಿಸಿದೋರು ಹ್ಯಾಲಿಫ್ಯಾಕ್ಸ್ ಊರಲ್ಲೇ ನೀವೊಬ್ರು ನೋಡಿ," ಎಂದಳು ಗ್ವೆಂಡಾ. ಅವಳ ತಲೆ ಅಡುಗೆಮನೆಯ ಕಪಾಟಿನೊಳಗಿತ್ತು. ನೀರು ಕಾಯಿಸಿ, ಪೈಪುಗಳಲ್ಲಿ ಪ್ರತಿ ರೂಮಿನ ರೇಡಿಯೇಟರಿಗೂ ಕಳಿಸಿ ಮನೆಯನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ಇದ್ದದ್ದು ಅಲ್ಲೇ. ಗ್ವೆಂಡಾ ಅದನ್ನು ರಿಪೇರಿ ಮಾಡಲು ಬಂದಿದ್ದಳು.

ಅಪ್ಪ ಓಡಿಹೋಗಿ ಕೆಟಲ್ ಆನ್ ಮಾಡಿದ. ಬ್ರಯೊನಿ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು. ಅವಳ ಒಂದು ಕೈ ಮಾತ್ರ ಜೇಬಿನೊಳಗೇ ಇತ್ತು. ಅಲ್ಲಿ ಒಂದು ಚಿಕ್ಕ ಹಿತ್ತಾಳೆಯ ಕೀಲಿ ಇತ್ತು.

"ನಮ್ಮಮ್ಮನ ರೂಮಿನ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ಐಸು," ಎಂದ ಅಪ್ಪ.

"ನನ್ನ ಹಾಗೇ," ಎಂದಳು ಕುರ್ಚಿಯಲ್ಲಿ ಕೂತಿದ್ದ ಅಜ್ಜಿ. "ತಲೆ ಬಿಸಿ, ಕಾಲು ತಣ್ಣಗೆ."

ಗ್ವೆಂಡಾ ಪೈಪಿನಿಂದ ಒಂದು ಜಗ್ ನೀರು ಹಿಡಿದಳು. ನೀರು ಇಂಕಿನ ಹಾಗೆ ಕಪ್ಪಗಿತ್ತು.

"ಒಳಗೆ ತುಕ್ಕು ಹಿಡಿದು ಕೆಸರಾಗಿದೆ. ಅದೆಲ್ಲ ಅಜ್ಜಿ ರೇಡಿಯೇಟರಿನ ತಳದಲ್ಲಿ ಕೂತಿದೆ. ಎಲ್ಲ ತೊಳೆದು, ಮ್ಯಾಗ್ನೆಟ್ ಇರೋ ಫಿಲ್ಟರ್ ಹಾಕ್ತೀನಿ. ಮುಂದೆ ತುಕ್ಕು ಬಂದ್ರೆ ಅದು ಹಿಡ್ಕೊಳ್ಳುತ್ತೆ."

ಅವಳು ಮೇಜಿನ ಮೇಲೆ ಎರಡು ಫಿಲ್ಟರ್ ಇಟ್ಟಳು. ಒಂದು ಜಾಮ್ ಬಾಟಲಿಯಷ್ಟು, ಇನ್ನೊಂದು ಹೂಜಿಯಷ್ಟು.

"ದೊಡ್ಡದು ಹಾಕಿದ್ರೆ ಈ ಜಿಂಜರ್ ಬಿಯರ್ ಬಾಟಲಿಗಳನ್ನೆಲ್ಲ ಕಪಾಟಿಂದ ಎತ್ತಬೇಕು."

"ಹಾಗಾದ್ರೆ ಚಿಕ್ಕದೇ ಒಳ್ಳೇದು," ಎಂದ ಅಪ್ಪ ತಕ್ಷಣ. ಜಿಂಜರ್ ಬಿಯರ್ ಎಂಬ ಆ ಶುಂಠಿ ಶರಬತ್ತು ಅವನೇ ಮಾಡಿದ್ದು.

"ಫಿಲ್ಟರ್ ಬಗ್ಗೆ ನನ್ನ ಮಗನಿಗೆ ಎಷ್ಟು ಗೊತ್ತು ನೋಡು!" ಎಂದಳು ಅಜ್ಜಿ.

"ಬಾಯ್ಲರಿಗೆ ಹೊಸ ನೀರು ಎಷ್ಟು ಸಲ ತುಂಬ್ತೀರಿ?" ಗ್ವೆಂಡಾ ಕೇಳಿದಳು.

"ಪ್ರೆಷರ್ ಇಳೀತಾನೇ ಇರುತ್ತೆ. ವಾರಕ್ಕೆ ಎರಡು ಸಲ ತುಂಬ್ತೀನಿ," ಎಂದ ಅಪ್ಪ.

ಗ್ವೆಂಡಾ ಕೈಯಲ್ಲಿದ್ದ ಬಿಸ್ಕತ್ತು ಕೆಳಗಿಟ್ಟಳು. "ಹೊಸ ನೀರು ಬಂದಷ್ಟೂ ಹೊಸ ತುಕ್ಕು. ಹಾಗಿದ್ರೆ ಚಿಕ್ಕದು ಸಾಲಲ್ಲ. ಅದಕ್ಕೂ ಮೊದಲು, ಎಲ್ಲಿ ಸೋರ್ತಿದೆ ಅಂತ ನೋಡ್ಬೇಕು. ಅಜ್ಜಿ ರೂಮಿನ ನೆಲದ ಹಲಗೆ ಕೀಳ್ತೀನಿ. ಒಂದು ವಾರ ಅಜ್ಜಿ ಬೇರೆ ಕಡೆ ಇರ್ಲಿ."

"ಮಗಳ ಮನೇಲಾ?" ಅಜ್ಜಿ ಗಾಬರಿಯಾದಳು. "ಅವಳು ಕಪ್ಪಿಗೆ ಮೊದಲು ಹಾಲು ಹಾಕಿ, ಆಮೇಲೆ ಟೀ ಹಾಕ್ತಾಳೆ!"

ಯಾರೂ ನಗಲಿಲ್ಲ. ಅಜ್ಜಿಯ ಮುಖ ನಿಜವಾಗಿಯೂ ಸಣ್ಣದಾಗಿತ್ತು.

ಬ್ರಯೊನಿಯ ಕಿವಿ ಕೆಂಪಾಯಿತು. ಅವಳು ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಎಲ್ಲೂ ಸೋರ್ತಿಲ್ಲ. ನಾನೇ ಇದ್ರಲ್ಲಿ ನೀರು ಹೊರಗೆ ಬಿಡ್ತಿದ್ದೆ."

"ನೀನಾ?" ಎಂದ ಅಪ್ಪ.

"ರೇಡಿಯೇಟರ್ ಒಳಗೆ ಗಾಳಿ ಸೇರ್ಕೊಂಡ್ರೆ ಕೀಲಿ ತಿರುಗಿಸಿ ಅದನ್ನ ಹೊರಗೆ ಬಿಡಬೇಕು ಅಂತ ನೀನೇ ತೋರಿಸಿದ್ದೆಯಲ್ಲಪ್ಪ. ಅಜ್ಜಿಗೆ ಚಳಿ ಆಗ್ತಿತ್ತು. ಅದಕ್ಕೆ ದಿನಾ ಸಂಜೆ... ಒಂದೊಂದು ಕಪ್."

"ಅಯ್ಯೋ ಪುಟ್ಟಿ, ಗಾಳಿ ಇದ್ರೆ ಮೇಲ್ಗಡೆ ತಣ್ಣಗಿರುತ್ತೆ, ಕೆಳಗಲ್ಲ!" ಎಂದಳು ಗ್ವೆಂಡಾ. "ಮಗಳು ಖಾಲಿ ಮಾಡೋದು, ಅಪ್ಪ ತುಂಬೋದು. ಇಬ್ರೂ ಸೇರಿ ಒಳ್ಳೆ ತುಕ್ಕಿನ ಫ್ಯಾಕ್ಟರಿ ನಡೆಸ್ತಿದ್ದೀರಿ!"

ಅಜ್ಜಿ ನಕ್ಕ ರಭಸಕ್ಕೆ ಟೀ ಚೆಲ್ಲಿತು. ಅಪ್ಪನೂ ನಕ್ಕ, ಸ್ವಲ್ಪ ತಡವಾಗಿ.

"ಹಾಗಾದ್ರೆ ಚಿಕ್ಕ ಫಿಲ್ಟರ್ ಸಾಕಾ?" ಬ್ರಯೊನಿ ಮೆಲ್ಲಗೆ ಕೇಳಿದಳು. "ಹಲಗೆ ಕೀಳಲ್ವಾ?"

"ಚಿಕ್ಕದೇ ಸಾಕು. ಅಜ್ಜಿ ಎಲ್ಲಿಗೂ ಹೋಗೋದು ಬೇಡ." ಗ್ವೆಂಡಾ ಕೀಲಿಯನ್ನು ಕಪಾಟಿನ ಮೇಲ್ಗಡೆಯ ಮೊಳೆಗೆ ತಗುಲಿಹಾಕಿದಳು.

ಮರುದಿನ ಸಂಜೆ ಅಜ್ಜಿಯ ರೇಡಿಯೇಟರ್ ತಳದವರೆಗೂ ಬಿಸಿಯಾಗಿತ್ತು. ಅದರ ಮೇಲೆ ಅಜ್ಜಿಯ ಕಾಲ್ಚೀಲಗಳು ಒಣಗುತ್ತಿದ್ದವು. ಬ್ರಯೊನಿ ಬಾಗಿಲಲ್ಲಿ ನಿಂತು ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ.

"ನಾನು ನೀರು ಬಿಡೋದು ನಿಂಗೆ ಗೊತ್ತಿತ್ತಾ, ಅಜ್ಜಿ?"

"ಕಪ್ ಹಿಡ್ಕೊಂಡು ಇಲ್ಲೇ ಕೂತು ಅರ್ಧ ಗಂಟೆ ಸ್ಕೂಲ್ ಸುದ್ದಿ ಹೇಳ್ತಿದ್ದೆ. ಗೊತ್ತಾಗದೇ ಇರುತ್ತಾ?"

"ಅದ್ರಿಂದ ಬಿಸಿ ಆಗ್ತಿರ್ಲಿಲ್ಲ. ಮತ್ಯಾಕೆ ಸುಮ್ನಿದ್ದೆ?"

ಅಜ್ಜಿ ನೆಟ್ಟಗೇ ಇದ್ದ ಕಾಲ್ಚೀಲಗಳನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದಳು.

ಬ್ರಯೊನಿ ಅದನ್ನು ನೋಡಿದಳು. ಆಮೇಲೆ ಒಳಗೆ ಬಂದು, ದಿನಾ ಕೂರುವ ಜಾಗದಲ್ಲೇ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಳು.

"ಅಜ್ಜಿ, ಇವತ್ತು ನಮ್ಮ ಮ್ಯಾಥ್ಸ್ ಟೀಚರ್ ಏನ್ ಮಾಡಿದ್ರು ಗೊತ್ತಾ?"