ಮುಂಬಾಗಿಲ ಬೀಗ

ಅವನ ಕೈಯಲ್ಲಿ ಏನೋ ಮಿಂಚಿತು!

ಚಾಕು... ಅಂದುಕೊಂಡೆ. ಇಲ್ಲದಿದ್ದರೆ ಸ್ಕ್ರೂಡ್ರೈವರ್. ಮುಂಬಾಗಿಲಿಗೆ ಬಗ್ಗಿ ನಿಂತಿದ್ದಾನೆ. ಬೀಗಕ್ಕೆ ತೂರಿಸುತ್ತಾನೆ, ಅಲ್ಲಾಡಿಸುತ್ತಾನೆ, ತೆಗೆಯುತ್ತಾನೆ. ಮತ್ತೆ ತೂರಿಸುತ್ತಾನೆ.

ಹಾಡುಹಗಲು! ಮಧ್ಯಾಹ್ನ ಮೂರು ಗಂಟೆ!

ನಾನು ಒಳಗೆ, ಕಿಟಕಿಯ ಪಕ್ಕ. ಕೈಯಲ್ಲಿ ಪರದೆ ತೂಗುಹಾಕುವ ಕಬ್ಬಿಣದ ಸರಳು. ಉಸಿರು ಬಿಗಿಹಿಡಿದೆ.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ ಸ್ವಾಮಿ. ಮಾರಾಟಕ್ಕಿರುವ ಮನೆಯನ್ನು ನೋಡಲು ಬರುವವರಿಗಾಗಿ ಸಿಂಗರಿಸುವುದು. ಹಳೇ ಸಾಮಾನು ಹೊರಗೆ, ಬಾಡಿಗೆ ಸೋಫಾ ಒಳಗೆ. ಗೋಡೆಯ ಫೋಟೋಗಳೆಲ್ಲ ಪೆಟ್ಟಿಗೆಗೆ. ಯಾರದೋ ಅಪ್ಪ ಗೋಡೆಯಿಂದ ದುರುಗುಟ್ಟಿ ನೋಡುತ್ತಿದ್ದರೆ ಗಿರಾಕಿಗೆ ಇದು ನನ್ನ ಮನೆ ಅಂತ ಅನ್ನಿಸುತ್ತದೆಯೇ? ಜೊತೆಗೆ ಪುಂಡರನ್ನು, ಕಳ್ಳರನ್ನು ಓಡಿಸುವುದೂ ನನ್ನದೇ ಕೆಲಸ. ಈ ಮೂಗು ಎರಡು ಸಲ ಮುರಿದಿದೆ.

ಸಿಂಗರಿಸಿದ ಖಾಲಿ ಮನೆ ಕಂಡರೆ ಕಳ್ಳರ ಬಾಯಲ್ಲಿ ನೀರೂರುತ್ತದೆ. ಹಿಂದಿನ ತಿಂಗಳಷ್ಟೇ ಒಂದು ಮನೆಯಿಂದ ಟಿವಿ ಹೊತ್ತೊಯ್ದಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಬಾಗಿಲು ಧಡಾರನೆ ತೆರೆದೆ. ಸರಳು ಬೀಸಿದೆ!

ಭುಜಕ್ಕೆ ಬಿತ್ತು. ಅವನು ಮೆಟ್ಟಿಲ ಮೇಲೆ ಕುಸಿದ. ತಲೆಗೆ ಟೋಪಿ, ಮುಖದ ತುಂಬ ಗಡ್ಡ, ಬೆನ್ನಿಗೊಂದು ಮಾಸಿದ ಬ್ಯಾಗು.

“ಯಾರೋ ನೀನು?”

“ನೀವ್... ನೀವ್ಯಾರು? ಇಲ್ಲಿದ್ದೋರು ಎಲ್ಲಿ?”

ಸಿಕ್ಕಿಬಿದ್ದ ಕಳ್ಳರೆಲ್ಲ ಹೀಗೆಯೇ. ತಟ್ಟನೆ ನೆಂಟರಾಗಿಬಿಡುತ್ತಾರೆ! ಅದಕ್ಕೆ ನನ್ನ ಬಳಿ ಯಾವಾಗಲೂ ಒಂದು ರೆಡಿ ಸುಳ್ಳು ಇರುತ್ತದೆ.

“ಯಾರೂ ಇಲ್ಲ! ಮನೆ ಮಾರಿ ಊರು ಬಿಟ್ಟು ಹೋದ್ರು! ಈಗ ಇದು ನಂದು!”

“ಎಲ್ರೂನಾ?”

“ಎಲ್ರೂ! ಕಾಲು ಮುರೀಲಾ, ಹೋಗ್ತೀಯಾ?”

ಅವನು ನನ್ನ ಮುಖ ನೋಡಲಿಲ್ಲ. ಬಾಗಿಲು ನೋಡಿದ. ಹೊಸ ನೀಲಿ ಬಣ್ಣ. ಹೆಸರಿನ ಫಲಕ ಕಿತ್ತ ಜಾಗ. ಆಮೇಲೆ ಎದ್ದವನೇ ಓಟ!

ಕಳ್ಳನನ್ನು ಸುಮ್ಮನೆ ಬಿಟ್ಟರೆ ನಾಳೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾನೆ. ಬೆನ್ನು ಹತ್ತಿದೆ. ಸೈಕಲ್ ಶಾಪಿನ ಸಂದಿ... ತರಕಾರಿ ಗಾಡಿ... ಟೊಮೇಟೊ ಚೆಲ್ಲಾಪಿಲ್ಲಿ! ಗಾಡಿಯವಳ ಬೈಗುಳ ನನಗೇ ಬಿತ್ತು. ಮುಖ್ಯರಸ್ತೆಯಲ್ಲಿ ಅವನ ಬ್ಯಾಗಿನ ಪಟ್ಟಿ ಕೈಗೆ ಸಿಕ್ಕಿತು. ಕೊಸರಿಕೊಂಡ. ಹೊರಟಿದ್ದ ಬಸ್ಸಿಗೆ ಜಿಗಿದ.

ಹೋಗಲಿ, ಪೀಡೆ ತೊಲಗಿತು ಅಂತ ಏದುಸಿರು ಬಿಡುತ್ತಾ ವಾಪಸ್ ಬಂದೆ.

ಮೆಟ್ಟಿಲ ಮೇಲೆ ಅದು ಬಿದ್ದಿತ್ತು. ಚಾಕು ಅಲ್ಲ. ಸ್ಕ್ರೂಡ್ರೈವರ್ ಅಲ್ಲ.

ಬೀಗದಕೈ.

ಕೈಯಲ್ಲಿ ಆಡಿ ಆಡಿ ನುಣುಪಾದ ಹಿತ್ತಾಳೆ. ಟೂಲ್ ಬಾಕ್ಸಿನ ತಳದಿಂದ, ಆವತ್ತು ಬೆಳಿಗ್ಗೆಯಷ್ಟೇ ನಾನು ಬಿಚ್ಚಿ ಎಸೆದಿದ್ದ ಹಳೇ ಬೀಗ ತೆಗೆದೆ. ಕೀ ತೂರಿಸಿ ತಿರುಗಿಸಿದೆ.

ತಿರುಗಿತು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ ಸ್ವಾಮಿ.

ಆ ಮನೆಯ ಒಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಅಪ್ಪನ ಜೊತೆ ಜಗಳವಾಡಿ ಅವಳ ತಮ್ಮ ಮನೆ ಬಿಟ್ಟು ಹೋಗಿ ಏಳು ವರ್ಷ. ಆಮೇಲೆ ಅಪ್ಪನೂ ತೀರಿಕೊಂಡರು. ಹುಡುಕಿ ಹುಡುಕಿ ಸೋತು, ಬೇರೆ ಊರಲ್ಲಿ ಕೆಲಸ ಹಿಡಿದು, ಕೊನೆಗೂ ಮನೆ ಮಾರಲು ಮನಸ್ಸು ಮಾಡಿದ್ದಳು. ಮನೆ ಒಪ್ಪಿಸುವಾಗ ಒಂದೇ ಮಾತು ಹೇಳಿದ್ದಳು.

“ಏನು ಬೇಕಾದ್ರೂ ಮಾಡಿ ಅಣ್ಣಾ. ಮುಂಬಾಗಿಲ ಬೀಗ ಮಾತ್ರ ಮುಟ್ಬೇಡಿ. ಅವನ ಹತ್ರ ಒಂದು ಕೀ ಇದೆ. ನಾನು ಇಲ್ಲಿರೋ ಕೊನೇ ದಿನದವರೆಗೂ ಅದು ಇರ್ಲಿ.”

ಆಗಲಿ ಮೇಡಂ ಅಂದೆ. ಅಂದಿದ್ದೇನೋ ನಿಜ. ಆದರೆ ನಮ್ಮ ಕಸುಬಿನಲ್ಲಿ ಗಿರಾಕಿಯ ಕೈ ಮೊದಲು ತಾಗುವುದು ಮುಂಬಾಗಿಲಿಗೆ. ಅಲ್ಲಿ ತುಕ್ಕು ಹಿಡಿದ ಬೀಗವಿದ್ದರೆ ಒಳಗಿನ ಅಂದವೆಲ್ಲ ಮಣ್ಣುಪಾಲು. ಏಳು ವರ್ಷ ಬರದವನು ಇವತ್ತೇ ಬರುತ್ತಾನಾ ಅಂತ ನನ್ನಷ್ಟಕ್ಕೆ ನಕ್ಕು, ಬೀಗ ಬದಲಾಯಿಸಿದ್ದೆ.

ಅವನು ಇವತ್ತೇ ಬಂದ.

ಬಾಗಿಲು ಹಾಗೇ ತೆರೆದಿಟ್ಟು ಕಾರು ಹತ್ತಿದೆ! ಸಿಗ್ನಲ್ ನೋಡಲಿಲ್ಲ. ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಒಬ್ಬ ಪೊಲೀಸು ಸೀಟಿ ಊದಿದ, ಊದಿಕೊಳ್ಳಲಿ! ಕೊನೆಯ ಸ್ಟಾಪಿನಲ್ಲಿ ಅದೇ ಬಸ್ಸು ಸಿಕ್ಕಿತು. ಖಾಲಿ. ಕಂಡಕ್ಟರ್ ಸೀಟಿನಲ್ಲಿ ಕಾಲು ಚಾಚಿದ್ದ.

“ಟೋಪಿ, ಗಡ್ಡ, ಒಂದು ಬ್ಯಾಗು. ಎಲ್ಲಿ ಇಳಿದ?”

“ನೀವ್ಯಾರು?”

“ಹೇಳಯ್ಯಾ!”

ನನ್ನ ಮುಖ ನೋಡಿ ಅವನು ಕಾಲು ಇಳಿಸಿದ.

“ಭುಜ ಹಿಡ್ಕೊಂಡಿದ್ನಲ್ಲ, ಅವನಾ? ಎಲ್ಲಿಗೆ ಟಿಕೆಟ್ ಅಂದ್ರೆ, ಇದು ಎಲ್ಲಿಗೆ ಹೋಗುತ್ತೋ ಅಲ್ಲಿಗೇ ಕೊಡಿ ಅಂದ. ಅಳ್ತಿದ್ದ ಸಾರ್. ದಾರೀಲಿ ಎಲ್ಲೋ ಇಳ್ಕೊಂಡ. ರಶ್ಶಲ್ಲಿ ನೋಡ್ಲಿಲ್ಲ.”

ಹದಿನೇಳು ಸ್ಟಾಪು. ಹದಿನೇಳೂ ಇಳಿದು ಹುಡುಕಿದೆ. ಟೀ ಅಂಗಡಿ, ಔಷಧಿ ಅಂಗಡಿ, ಪಾರ್ಕಿನ ಬೆಂಚು. ಎಲ್ಲೂ ಇಲ್ಲ.

ವಾಪಸ್ ಬಂದಾಗ ಮೇಡಂ ಹೊಸ ಸೋಫಾದ ತುದಿಯಲ್ಲಿ ಕುಳಿತಿದ್ದಳು, ಯಾರ ಮನೆಗೋ ಬಂದವಳ ಹಾಗೆ. ಮುಖದಲ್ಲಿ ನಗು.

“ಎಲ್ಲಿ ಹೋಗಿದ್ರಿ ಅಣ್ಣಾ? ಯಾರೋ ಗಂಡ ಹೆಂಡ್ತಿ ಬಂದು ಮನೆ ನೋಡಿದ್ರು. ತುಂಬಾ ಹಿಡಿಸ್ತಂತೆ. ನಾಳೇನೇ ಅಡ್ವಾನ್ಸ್ ಕೊಡ್ತಾರಂತೆ.”

ಸುಮ್ಮನಿರಬಹುದಿತ್ತು. ಕೀ ಜೇಬಿನಲ್ಲಿತ್ತು, ನೋಡಿದವರು ಯಾರೂ ಇರಲಿಲ್ಲ. ಗೂಂಡಾಗಳ ಮುಂದೆ ತಡವರಿಸದ ನಾಲಿಗೆ ಆವತ್ತು ತಡವರಿಸಿತು. ಆದರೂ ಎಲ್ಲ ಹೇಳಿದೆ. ಬೀಗ, ಸರಳು, ನಾನು ಆಡಿದ ಸುಳ್ಳು. ಏನನ್ನೂ ಮುಚ್ಚಿಡಲಿಲ್ಲ. ಕೀ ಅವಳ ಅಂಗೈಯಲ್ಲಿಟ್ಟೆ.

ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಹೊಡೆದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಅವಳು ಕೀಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಬಡವಾಗಿದ್ನಾ ಅಣ್ಣಾ?”

ಸರಳು ಬೀಸಿದಾಗ ತಾಗಿದ್ದು ಬರೀ ಮೂಳೆ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು.

“ಇಲ್ಲ ಮೇಡಂ,” ಅಂದೆ. “ಚೆನ್ನಾಗೇ ಇದ್ರು.”

ಆಗ ಅತ್ತಳು. ನನಗೂ ತಡೆಯಲಾಗಲಿಲ್ಲ. ಬೇರೆಯವರ ಮೂಗು ಮುರಿದ ಕೈಯಲ್ಲಿ ನನ್ನ ಮೂಗು ಒರೆಸಿಕೊಂಡೆ.

“ಮೊದಲಿನ ಹಾಗೇ ಮಾಡ್ಕೊಡಿ,” ಅಂದಳು ಕಣ್ಣೊರೆಸಿಕೊಂಡು. “ಅವನು ದೂರದಿಂದ ನೋಡಿದ್ರೂ ಗೊತ್ತಾಗ್ಬೇಕು. ನಾನು ಎಲ್ಲೂ ಹೋಗಲ್ಲ.”

ಬೇರೆ ಊರಿನ ಕೆಲಸ ಬಿಟ್ಟಳು. ಆ ಗಂಡ ಹೆಂಡತಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು.

ಮನೆಯನ್ನು ಅಂದಗೊಳಿಸಲು ನನಗೆ ಎರಡು ದಿನ ಹಿಡಿದಿತ್ತು. ಕೆಡಿಸಲು ವಾರ ಹಿಡಿಯಿತು. ನೀಲಿ ಬಣ್ಣ ಕೆರೆದು ಹಸಿರು ಬಳಿದೆ, ಅದು ಹಳತಾಗಿ ಕಾಣಲೆಂದು ಮರಳುಕಾಗದದಿಂದ ಉಜ್ಜಿದೆ. ಮಾಸಿದ ಪರದೆಗಳು ವಾಪಸ್ ಬಂದವು. ಅಪ್ಪನ ಫೋಟೋ ಅದೇ ಮೊಳೆಗೆ ಏರಿತು. ಹೆಸರಿನ ಫಲಕ ಮೊದಲಿನ ಹಾಗೇ ಒಂದು ಕಡೆಗೆ ವಾಲುವಂತೆ ಜಡಿದೆ. ತುಕ್ಕು ಬೀಗ ಅದರ ಜಾಗದಲ್ಲಿ ಕೂತಿತು. ಕಾಸು ಕೇಳಲಿಲ್ಲ.

ವಾರಕ್ಕೆ ಎರಡು ಸಲ ಆ ಹದಿನೇಳು ಸ್ಟಾಪು ಸುತ್ತುತ್ತೇನೆ. ಟೋಪಿ ಹಾಕಿದ ಗಡ್ಡದವರನ್ನೆಲ್ಲ ತಡೆದು ಮುಖ ನೋಡುತ್ತೇನೆ. ನಾಲ್ಕು ಜನ ಹೊಡೆಯಲು ಬಂದಿದ್ದಾರೆ. ತಿರುಗಿಸಿ ಹೊಡೆದಿಲ್ಲ.

ಆ ಹಸಿರು ಬಾಗಿಲ ಮನೆ ಮಾರಾಟಕ್ಕಿದೆಯಾ ಅಂತ ಕೇಳಿದಿರಲ್ಲ... ಇಲ್ಲ ಸ್ವಾಮಿ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನೋಡಲಿ ಅಂತ ನಾನು ರೆಡಿ ಮಾಡಿದ ಮನೆ ಅದು.

ಗಿರಾಕಿ ಇನ್ನೂ ಬಂದಿಲ್ಲ.