ಹತ್ತೊಂಬತ್ತನೆಯ ಕಾವಲುಗಾರ

ನಮ್ಮ ಬಾರ್ರಾಂಕಿಯಾ ಪಟ್ಟಣದ ಕಳ್ಳರು ಕನ್ನ ಹಾಕಲು ಹೊರಡುವ ಮುಂಚೆ ನನಗೆ ಫೋನ್ ಮಾಡಿ, "ಆರ್ಹೆಮಿರೊ ಸಾಹೇಬ್ರೇ, ಇವತ್ತು ಡ್ಯೂಟಿ ಮೇಲಿದ್ದೀರಾ?" ಎಂದು ಕೇಳುತ್ತಿದ್ದರು. ಇದ್ದೇನೆ ಎಂದರೆ ಸಾಕು, ಹಾರೆಯನ್ನು ಮೂಲೆಗಿಟ್ಟು ಮುಸುಕೆಳೆದು ಮಲಗುತ್ತಿದ್ದರು. ಹದಿನಾಲ್ಕು ವರ್ಷ ಠಾಣೆಯ ರೈಟರ್ ಆಗಿ, ಕುರ್ಚಿಯಿಂದ ಏಳದೆ, ನಾಲ್ಕು ಸಾವಿರ ಪ್ರಕರಣ ಭೇದಿಸಿದವನು ನಾನು. ಸೆರೆನೊ ಪ್ರಕರಣವನ್ನು ಭೇದಿಸಿದವನೂ ನಾನೇ. ಇನ್‌ಸ್ಪೆಕ್ಟರ್ ನೂರಿಸ್ ಪಾಲೊಮಿನೊ ಜೊತೆಗಿದ್ದರು, ಅಷ್ಟೆ.

ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ 8.10ಕ್ಕೆ ದೂರು ಬಂತು. ದೂರುದಾರ ವೀಲ್ಮರ್ ಅರ್ರಿಯೆತಾ, ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಎಲ್ಲರೂ ಅವನನ್ನು ಕರೆಯುವುದು ಇಂಜಿನಿಯರ್ ಎಂದೇ. ಹಿಂದಿನ ದಿನ ಮಧ್ಯಾಹ್ನ 12.41ರಿಂದ 4.50ರವರೆಗೆ ಆಸ್ಪತ್ರೆಯ ಪ್ರಯೋಗಾಲಯದ ಕಂಪ್ಯೂಟರುಗಳೆಲ್ಲ ಸ್ತಬ್ಧವಾಗಿದ್ದವು. ರಕ್ತದ ವರದಿ ಒಂದೂ ಹೊರಬಂದಿರಲಿಲ್ಲ. ಎರಡು ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಹೊಟ್ಟೆನೋವೆಂದು ಬಂದಿದ್ದ ಏಳು ವರ್ಷದ ಹುಡುಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಅವಳ ಅಪೆಂಡಿಕ್ಸ್ ಒಡೆದಿತ್ತು. ಮಗು ಬದುಕಿತ್ತು, ತೀವ್ರ ನಿಗಾ ಘಟಕದಲ್ಲಿ.

ನಾನು ಎಫ್‌ಐಆರ್ ಬರೆದೆ. ನನ್ನ ಎಫ್‌ಐಆರ್ ಓದಿ ನ್ಯಾಯಾಧೀಶರೇ ಕಣ್ಣೀರು ಹಾಕಿದ್ದುಂಟು. ನನ್ನ ಕೈಬರಹ ಓದಲಾಗದೆ ಹಾಕಿದ್ದು ಎಂದು ನೂರಿಸ್ ಹೇಳುತ್ತಾರೆ.

9.45ಕ್ಕೆ ಆಸ್ಪತ್ರೆ ತಲುಪಿದೆವು. ನೂರಿಸ್ ನಿಂತುಕೊಂಡೇ ವಿಚಾರಣೆ ಶುರುಮಾಡಿದರು.

"ನಿಮ್ಮ ಕಂಪ್ಯೂಟರುಗಳಿಗೆ ಕಾವಲು ಯಾರದು, ಇಂಜಿನಿಯರ್?"

"ಅದೇ ಗೋಳು ಮೇಡಂ. ಹತ್ತೊಂಬತ್ತು ಕಂಪನಿಗಳ ಹತ್ತೊಂಬತ್ತು ಕಾವಲು ತಂತ್ರಾಂಶ. ಒಂದೊಂದಕ್ಕೆ ಒಂದೊಂದು ಪರದೆ, ಒಂದೊಂದು ಪಾಸ್‌ವರ್ಡ್. ಮೂರು ಸೇರಿ ಒಂದೇ ಬಾಗಿಲು ಕಾಯ್ತವೆ, ಹಿತ್ತಿಲ ಬಾಗಿಲಿಗೆ ಯಾರೂ ಇಲ್ಲ. ಇನ್ನೆರಡು, ನೀನೇ ಕಳ್ಳ ಅಂತ ಒಂದನ್ನೊಂದು ಹಿಡ್ಕೊಂಡು ಗುದ್ದಾಡ್ತವೆ."

"ನಮ್ಮ ಠಾಣೆ ಥರಾನೇ," ಎಂದೆ ನಾನು.

"ನೀನು ಬರ್ಕೋ," ಎಂದರು ನೂರಿಸ್.

"ಅದಕ್ಕೇ ಬೊಗೋಟಾದಲ್ಲಿರೋ ನಮ್ಮ ಆಡಳಿತ ಮಂಡಳಿ, ಎಲ್ಲ ಕಿತ್ತುಹಾಕಿ ಒಂದೇ ಕಂಪನಿಗೆ ಕೊಡಿ ಅಂತು. ತೊಂಬತ್ತು ದಿನ ಪರೀಕ್ಷೆ. ಬೇರೆ ಯಾರೂ ಹಿಡೀದೇ ಇದ್ದದ್ದನ್ನ ಹಿಡಿಯೋ ಕಾವಲು ಇದ್ರೆ ಅದನ್ನ ಉಳಿಸ್ಕೊಳ್ಳೋದು, ಮಿಕ್ಕಿದ್ದು ಮಾರ್ಚ್ ಕೊನೆಗೆ ಮನೆಗೆ."

"ಯಾವುದಾದ್ರೂ ಉಳೀತಾ?"

"ಒಂದೇ ಒಂದು. ಪಟ್ಟಿಯಲ್ಲಿ ಕೊನೇದು. ಸೆರೆನೊ."

ಸೆರೆನೊ ಎಂದರೆ ಹಳೆಯ ಕಾಲದ ಬೀದಿ ಗಸ್ತಿನವನು. ಇಪ್ಪತ್ತೆರಡು ವರ್ಷಗಳ ಹಿಂದೆ ಅದನ್ನು ಒಬ್ಬನೇ ಕೂತು ತಯಾರಿಸಿದವನು ಎಬೆರ್ತೊ ಬಾರ್ರಾಸಾ. ಮನೆಯೇ ಅವನ ಕಚೇರಿ. ಜನವರಿಯಿಂದ ಪ್ರತಿ ಮಂಗಳವಾರ, ಗುರುವಾರ ಮಧ್ಯಾಹ್ನ 12.40ಕ್ಕೆ ಸೆರೆನೊ ಕೂಗುತ್ತಿತ್ತು: ಪ್ರಯೋಗಾಲಯದ ಮೂಲೆಯ ಕಂಪ್ಯೂಟರಿನಲ್ಲಿ ಯಾರೋ ಒಂದರ ಹಿಂದೊಂದು ಐದು ತಪ್ಪು ಹೆಸರು ಹಾಕಿ ಒಳನುಗ್ಗಲು ನೋಡುತ್ತಿದ್ದಾರೆ. ರಕ್ತಕಣ ಎಣಿಸುವ ಯಂತ್ರಕ್ಕೆ ಜೋಡಿಸಿದ್ದ ಆ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಬೇರೆ ಯಾವ ಕಾವಲೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಗುರುವಾರ ಹೊಸ ಕಂಪನಿಯ ಕಾವಲನ್ನು ಪರೀಕ್ಷೆಗೆಂದು ಚಾಲೂ ಮಾಡಿದ್ದರು. ಸೆರೆನೊ ಎಂದಿನಂತೆ ಕೂಗಿತು. ಹೊಸದು ಆ ಕೂಗು ಕೇಳಿ, ಹಿಂದುಮುಂದು ನೋಡದೆ ಇಡೀ ಪ್ರಯೋಗಾಲಯಕ್ಕೇ ಬೀಗ ಜಡಿಯಿತು.

"ಸೆರೆನೊ ಕೂಗಿದಾಗ ನೀವೇನು ಮಾಡ್ತೀರಿ?"

"ಕರಾರಲ್ಲೇ ಇದೆ ಮೇಡಂ. ದೋನ್ ಎಬೆರ್ತೊಗೆ ಫೋನ್ ಮಾಡಿ ಆ ಹೆಸರುಗಳನ್ನ ಓದ್ಬೇಕು. ನಾನು ಊಟ ಮುಗಿಸಿ ಒಂದೂವರೆಗೆ ಮಾಡ್ತೀನಿ. ಅವರು ಒಂದೊಂದನ್ನೇ ತಿರುಗಿ ಹೇಳ್ತಾರೆ. ಆಮೇಲೆ 'ಬಾಗಿಲು ಭದ್ರ, ಇಂಜಿನಿಯರ್' ಅಂತ ಇಟ್ಬಿಡ್ತಾರೆ. ಗಡಿಯಾರದಂಥ ಮನುಷ್ಯ."

"ಗುರುವಾರ ಮಾಡಿದ್ರಾ?"

"ಎಲ್ಲಿ ಮೇಡಂ. ಲ್ಯಾಬಿಗೇ ಬೆಂಕಿ ಬಿದ್ದ ಹಾಗಿತ್ತು."

10.30ಕ್ಕೆ ಕ್ಯಾಂಟೀನಿನ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಪಂಚನಾಮೆ ಮಾಡಿದೆವು. ಮೂಲೆಯ ಕಂಪ್ಯೂಟರನ್ನೂ ಸೆರೆನೊ ದಾಖಲೆಯ ಪ್ರತಿಯನ್ನೂ ವಶಪಡಿಸಿಕೊಂಡೆವು. ಗುರುವಾರದ ಐದು ಹೆಸರುಗಳ ಮೇಲೆ ನೂರಿಸ್ ಬೆರಳಿಟ್ಟು ನಿಂತರು. ನೀರು. ಚಮಚ. ಕಿಟಕಿ. ಅಂಗಿ. ಲೇದಿಸ್.

"ಕಳ್ಳ ಅನ್ನೋನು ಬೀಗಕ್ಕೆ ಹೊಂದೋ ಕೀ ಹುಡುಕ್ತಾನೆ. ಇವನ್ಯಾಕೆ ಚಮಚ ತಂದ?"

ಹಿಂದಿನ ದಿನಗಳದ್ದನ್ನೂ ನೋಡಿದರು. ಕುರ್ಚಿ, ರೊಟ್ಟಿ, ಸೋಪು, ದಿಂಬು. ಎರಡೂವರೆ ತಿಂಗಳಲ್ಲಿ ಮನುಷ್ಯರ ಹೆಸರು ಎಂದು ಇದ್ದದ್ದು ಒಂದೇ, ಗುರುವಾರದ್ದು. ಹಾಜರಿ ಪುಸ್ತಕದಲ್ಲಿ ಆ ಹೆಸರಿನವಳು ಸಿಕ್ಕಳು: ಲೇದಿಸ್ ಬಾರ್ರಾಸಾ, ವಯಸ್ಸು 34, ಗುತ್ತಿಗೆ ಏಜೆನ್ಸಿಯ ಮೂಲಕ ಸೇರಿದವಳು, ಪ್ರಯೋಗಾಲಯದ ಕೌಂಟರಿನಲ್ಲಿ ಕೆಲಸ.

"ತನ್ನ ಸರಕು ಉಳೀಲಿ ಅಂತ ಆ ಮುದುಕನೇ ಯಾರ ಕೈಲೋ ಮಾಡಿಸ್ತಿದ್ದಾನೆ," ಎಂದ ವೀಲ್ಮರ್.

"ಇವಳೂ ಬಾರ್ರಾಸಾ," ಎಂದರು ನೂರಿಸ್.

"ಮೇಡಂ, ನಮ್ಮೂರಲ್ಲಿ ಕಲ್ಲು ಎಸೆದ್ರೆ ಒಬ್ಬ ಬಾರ್ರಾಸಾನ ತಲೆಗೆ ಬೀಳುತ್ತೆ. ಎತ್ತಿಕೊಂಡು ಆಸ್ಪತ್ರೆಗೆ ಓಡೋನೂ ಬಾರ್ರಾಸಾನೇ," ಎಂದೆ. ಬಾಯಲ್ಲಿ ಹಾಗಂದರೂ ಒಳಗೊಳಗೆ ನನಗೆ ಎಲ್ಲವೂ ಹೊಳೆದುಹೋಗಿತ್ತು.

ಮಾರ್ಚ್ 24, ಸೋಮವಾರ, ಸಂತ ಜೋಸೆಫರ ಹಬ್ಬದ ರಜೆ. ಬೆಳಿಗ್ಗೆ 11.20ಕ್ಕೆ ಸಾನ್ ಫೆಲಿಪೆ ಬಡಾವಣೆಯಲ್ಲಿ ಎಬೆರ್ತೊ ಬಾರ್ರಾಸಾನ ಮನೆಯ ಬಾಗಿಲು ತಟ್ಟಿದೆವು. ತೆರೆದವಳು ಲೇದಿಸ್. ಅಂಗಳದ ತಂತಿಯ ಮೇಲೆ ಆಸ್ಪತ್ರೆಯ ಸಮವಸ್ತ್ರ ಒಣಗುತ್ತಿತ್ತು. ಮುದುಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೆಂಪು ಫೋನಿನ ಪಕ್ಕ ಕೂತಿದ್ದ.

"ದೋನ್ ಎಬೆರ್ತೊ, ನಾವು ಪೊಲೀಸಿನವರು. ಎರಡು ಮಾತು ಕೇಳ್ಬೇಕು."

ಮುದುಕ ನಕ್ಕ. ತುಟಿ ಅಲುಗಿತು, ಮಾತು ಬರಲಿಲ್ಲ. ಹೂಜಿಯತ್ತ ಕೈ ತೋರಿಸಿ ಮತ್ತೆ ಪ್ರಯತ್ನಿಸಿದ, ಆಗದೆ ತನ್ನ ತೊಡೆಗೇ ಹೊಡೆದುಕೊಂಡ. ಲೇದಿಸ್ ನೀರು ಕುಡಿಸಿ, ಗಲ್ಲ ಒರೆಸಿದಳು.

"ಯಾವಾಗಿಂದ?"

"ನವೆಂಬರಿಂದ ಮೇಡಂ. ಲಕ್ವ ಹೊಡೀತು. ಎಲ್ಲ ಅರ್ಥ ಆಗುತ್ತೆ. ಒಂದು ಸಾಮಾನಿನ ಹೆಸರೂ ಬಾಯಿಗೆ ಬರಲ್ಲ."

"ಇಂಜಿನಿಯರ್ ಹತ್ರ ಗಡಿಯಾರದ ಹಾಗೆ ಮಾತಾಡ್ತಾರಂತೆ."

ಲೇದಿಸ್ ಲೋಟವನ್ನು ಮೇಜಿನ ಮೇಲಿಟ್ಟಳು. ನೂರಿಸ್ ಕುರ್ಚಿ ಎಳೆದು ಅವಳ ಎದುರಿಗೆ ಕೂತರು.

"ಅದೊಂದೇ ಮೇಡಂ," ಎಂದಳು ಅವಳು. "ಡಿಸೆಂಬರಲ್ಲಿ ಒಂದ್ಸಲ ಸೆರೆನೊ ನಿಜವಾಗ್ಲೂ ಕೂಗಿತ್ತು, ಯಾರೋ ಹೊಸಬರು ತಪ್ಪು ಒತ್ತಿದ್ರು. ಇಂಜಿನಿಯರ್ ಫೋನ್ ಮಾಡಿ ಓದಿದ್ರು. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಪಟಪಟ ಅಂತ ತಿರುಗಿ ಹೇಳಿಬಿಟ್ರು. ನಾನು ಅತ್ತುಬಿಟ್ಟೆ."

"ಆಮೇಲೆ ನೀನೇ ಕೂಗಿಸೋಕೆ ಶುರು ಮಾಡಿದೆ."

"ಹೂಂ. ಹನ್ನೆರಡು ನಲವತ್ತಕ್ಕೆ ಎಲ್ಲ ಊಟಕ್ಕೆ ಏಳ್ತಾರೆ. ಐದು ಮಾತು ಹಾಕಿ ಮನೆಗೆ ಓಡ್ತಿದ್ದೆ. ಒಂದೂವರೆಗೆ ಫೋನ್. ಅಪ್ಪ ಕುರ್ಚಿ ಅಂದ್ರು, ರೊಟ್ಟಿ ಅಂದ್ರು. ಮಗು ಮಾತು ಕಲಿಯೋದನ್ನ ನೋಡ್ತೀವಲ್ಲ, ಹಾಗೆ ನೋಡ್ತಿದ್ದೆ."

"ನೀನೇ ಓದಿ ಹೇಳಿಸಬಹುದಿತ್ತಲ್ಲ?"

"ಎಷ್ಟು ಸಲ ನೋಡಿದೆ ಮೇಡಂ. ಮಗಳ ದನಿ ಕೇಳಿದ್ರೆ ನಾಲಿಗೆ ಕಟ್ಟುತ್ತೆ. ಗಂಡಸಿನ ದನಿ ಬೇಕು, ಆಫೀಸಿನ ದನಿ, ಈ ಫೋನಲ್ಲೇ. 'ಸೆರೆನೊ ಕೂಗಿದೆ' ಅನ್ಬೇಕು. ಕೆಲಸ ಅಂದ್ರೆ ಬರುತ್ತೆ."

"ಗುರುವಾರ ನಿನ್ನ ಹೆಸರು ಹಾಕಿದ್ದೀಯ."

"ಸಿಕ್ಕಿಬೀಳ್ತೀನಿ ಅಂತ ಗೊತ್ತಿತ್ತು. ಒಂದೇ ಒಂದ್ಸಲ ಅಪ್ಪನ ಬಾಯಲ್ಲಿ ಕೇಳ್ಬೇಕು ಅನ್ನಿಸ್ತು. ಬಂದು ಇಲ್ಲೇ ಕೂತೆ. ಒಂದೂವರೆ ಆಯ್ತು, ಎರಡಾಯ್ತು. ಫೋನ್ ಬರ್ಲೇ ಇಲ್ಲ."

"ಆ ಮಗುವಿನ ವಿಷಯ ಗೊತ್ತಾ?"

"ವಾಪಸ್ ಹೋದಾಗ ಅದರ ತಾಯಿ ನನ್ನ ಕೌಂಟರ್ ಮುಂದೇನೇ ನಿಂತಿದ್ಲು. ವರದಿ ಯಾವಾಗಮ್ಮ ಬರುತ್ತೆ ಅಂತ ನನ್ನನ್ನೇ ಕೇಳಿದ್ಲು." ಅವಳು ಎರಡೂ ಕೈ ಮುಂದೆ ಚಾಚಿದಳು. "ನಡೀರಿ ಮೇಡಂ."

ನೂರಿಸ್ ಕೈಕೋಳ ತೊಡಿಸಲಿಲ್ಲ. ಮುದುಕನ ತಂಗಿ ನೀಮಿಯಾಳನ್ನು ಕರೆಸಿ, ಮನೆ ಒಪ್ಪಿಸಿದ ಮೇಲೆ 12.50ಕ್ಕೆ ಬಂಧನ ಎಂದು ದಾಖಲಿಸಿದೆವು. ಹೊಸಿಲು ದಾಟುವ ಮುಂಚೆ ಲೇದಿಸ್ ಒಂದು ಚೀಟಿಯಲ್ಲಿ ಅದೇ ಐದು ಮಾತು ಬರೆದು ಕೊಟ್ಟಳು.

"ಯಾರಾದ್ರೂ ಒಂದ್ಸಲ ಫೋನ್ ಮಾಡಿ ಇದನ್ನ ಓದಿಬಿಡಿ. ನಾನಿಲ್ದಿದ್ರೂ ಪರ್ವಾಗಿಲ್ಲ. ಅತ್ತೆ ಕೇಳಿಸ್ಕೊಂಡು ನಂಗೆ ಹೇಳ್ತಾರೆ."

ವೀಲ್ಮರ್ ದೂರುದಾರ, ಆರೋಪಿಯ ಮನೆಗೆ ಅವನಿಂದ ಫೋನ್ ಮಾಡಿಸುವಂತಿರಲಿಲ್ಲ. ನೂರಿಸ್ ಚೀಟಿಯನ್ನು ನನ್ನ ಕೈಗಿಟ್ಟರು. "ನಂಬರ್ ಫೈಲಲ್ಲಿದೆ ಆರ್ಹೆಮಿರೊ. ನಾಳೆ ಒಂದೂವರೆಗೆ ಮಾಡು."

"ನಾಳೆ ಏನು ಮೇಡಂ, ದಿನಾ ಮಾಡ್ತೀನಿ," ಎಂದೆ.

ಮಾಡಿದೆ. ಮುದುಕ ಮೊದಲ ರಿಂಗಿಗೇ ಫೋನ್ ಎತ್ತಿದ. ಐದೂ ಮಾತು ತಿರುಗಿ ಹೇಳಿದ. ಲೇದಿಸ್ ಎಂದದ್ದು ಎಷ್ಟು ಜೋರಾಗಿತ್ತೆಂದರೆ, ಬಂದರಿನಲ್ಲಿ ಒಂದು ಹಡಗು ಸಿಳ್ಳೆ ಹಾಕಿ ಉತ್ತರ ಕೊಟ್ಟಿತು.

ಏಪ್ರಿಲ್ 9ರಂದು ಆರೋಪಪಟ್ಟಿಗೆ ಸಹಿ ಹಾಕಿಸಲು ಹೆಂಗಸರ ಜೈಲಿಗೆ ಹೋದಾಗ ಇದನ್ನೇ ಅವಳಿಗೂ ಹೇಳಿದೆ. ನಿನ್ನೆ ಕೂಡ ಮಾಡಿದ್ದೆ, ನಿನ್ನಪ್ಪ ನಿನ್ನ ಹೆಸರನ್ನು ಎರಡು ಸಲ ಹೇಳಿದರು ಎಂದೆ. ಲೇದಿಸ್ ಪೂರ್ತಿ ಕೇಳಿಸಿಕೊಂಡಳು. ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿ ಪೆನ್ನು ಮುಚ್ಚಿದಳು.

"ಆ ಲೈನ್ ಆಸ್ಪತ್ರೆಯವರದು ಸರ್. ಹತ್ತೊಂಬತ್ತೂ ಕರಾರು ಮುಗಿದ ದಿನ, ಮೂವತ್ತೊಂದನೇ ತಾರೀಕು ಸಂಜೆ, ಫೋನನ್ನೂ ಕಿತ್ತುಕೊಂಡು ಹೋದ್ರು. ಬೇರೆ ಫೋನ್ ರಿಂಗಾದ್ರೆ ಅಪ್ಪ ತಿರುಗಿಯೂ ನೋಡಲ್ಲ." ಪೆನ್ನು ನನ್ನತ್ತ ಚಾಚಿ ಕೇಳಿದಳು. "ಮೊದಲ ವಾರದಲ್ಲಿ ಮಾಡಿದ್ರಾ? ದಿನಾ ಅಪ್ಪ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಕೂತಿರ್ತಿದ್ರು ಅಂತ ಅತ್ತೆ ಹೇಳಿದ್ರು."

ನಾನು ಆರೋಪಪಟ್ಟಿಯ ಹಾಳೆಗಳನ್ನು ಜೋಡಿಸಿಕೊಂಡು ಎದ್ದೆ.

ಪ್ರಕರಣ ಭೇದಿಸಿದ್ದು ನೂರಿಸ್ ಪಾಲೊಮಿನೊ. ಆ ಮನೆಯ ಬಾಗಿಲು ತೆರೆಯುವವರೆಗೆ ನನಗೆ ಏನೂ ಹೊಳೆದಿರಲಿಲ್ಲ. ನನಗೆ ಒಪ್ಪಿಸಿದ್ದು ಒಂದೇ ಕೆಲಸ, ಅದಕ್ಕೆ ಏಳು ದಿನವಿತ್ತು. ಆ ಏಳೂ ದಿನ ಒಂದೂವರೆ ಗಂಟೆಗೆ ನಾನು ಠಾಣೆಯೆದುರಿನ ಅಂಗಡಿಯಲ್ಲಿ, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಈ ಕೇಸು ನಾನು ಹೇಗೆ ಹಿಡಿದೆ ಎಂದು ಹೇಳುತ್ತಿದ್ದೆ. ದಿನದಿಂದ ದಿನಕ್ಕೆ ಕೇಳುವವರು ಹೆಚ್ಚಾಗುತ್ತಿದ್ದರು, ಎದ್ದು ಹೋಗಿ ಫೋನ್ ಮಾಡಲು ಮನಸ್ಸಾಗಲಿಲ್ಲ. ಮುದುಕ ಮಗಳ ಹೆಸರು ಹೇಳುವ ಜಾಗಕ್ಕೆ ಬಂದಾಗ ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಾಗುತ್ತಿದ್ದರು.